ಉಪ್ಪಿನಕಾಯಿ ಡಬ್ಬಿಯ ಹೈಡ್ರೋಜನ್

ಇಪ್ಪತ್ತೆರಡು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನು ಮೊಬೈಲಿನ ವಿಡಿಯೋ ನೋಡಿ ಮರುಳಾಗಬಾರದು. ನಾನು ಆದೆ. ನೀರನ್ನು ವಿದ್ಯುತ್ತಿನಿಂದ ಒಡೆದು, ಹುಟ್ಟುವ ಹೈಡ್ರೋಜನ್ನನ್ನು ಎಂಜಿನ್ನಿಗೆ ಬಿಟ್ಟರೆ ಕಾರಿನ ಮೈಲೇಜು ಏರುತ್ತದೆ ಎಂದು ಅದರಲ್ಲಿ ಒಬ್ಬ ನಗುನಗುತ್ತ ಹೇಳುತ್ತಿದ್ದ. ಆ ವಿದ್ಯುತ್ತನ್ನೂ ಅದೇ ಎಂಜಿನ್ನು ದುಡಿದು ಕೊಡಬೇಕು ಎಂಬುದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕಿಂತ ಆಸೆಯ ಕೈ ಮೇಲಾದಾಗ ಮನುಷ್ಯ ಸ್ಕ್ರೂಡ್ರೈವರ್ ಹಿಡಿಯುತ್ತಾನೆ.

ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆಯಲ್ಲಿ ಹೆಂಡತಿ ಗಿರಿಜಾ ಮಗ್ಗದ ಮೇಲೆ ಸೀರೆ ನೇಯುತ್ತಿದ್ದರೆ, ನಾನು ಅಂಗಳದಲ್ಲಿ ಕೂತು ಸ್ಟೀಲ್ ತಟ್ಟೆ ಕತ್ತರಿಸುತ್ತಿದ್ದೆ. ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿಗೆ ನೀರು, ಅಡುಗೆ ಸೋಡಾ, ಆ ತಟ್ಟೆಯ ತುಂಡುಗಳು. ಕಾರಿನ ಬ್ಯಾಟರಿಯಿಂದ ಎರಡು ವೈರು, ನಡುವೆ ಒಂದು ಸ್ವಿಚ್ಚು, ಡಬ್ಬಿಯಿಂದ ಎಂಜಿನ್ನಿಗೆ ಒಂದು ಕೊಳವೆ. ಗುಳ್ಳೆ ಎದ್ದಾಗ ಅವಳನ್ನು ಕೂಗಿ ಕರೆದೆ. ಬಂದು ನೋಡಿದಳು, ಡಬ್ಬಿಯಲ್ಲಿದ್ದ ಉಪ್ಪಿನಕಾಯಿ ಎಲ್ಲಿ ಹಾಕಿದಿರಿ ಎಂದಷ್ಟೇ ಕೇಳಿದಳು.

ಮೊದಲ ವಾರ ಮೈಲೇಜು ಖಂಡಿತ ಏರಿತು. ಡಬ್ಬಿ ಸಿಡಿದೀತೆಂಬ ಭಯಕ್ಕೆ ನಾನು ಎತ್ತಿನ ಗಾಡಿಯ ವೇಗದಲ್ಲಿ ಕಾರು ಓಡಿಸುತ್ತಿದ್ದೆ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮದುವೆಯಿಂದಾಗಿ ನಿಂತುಹೋದ ಬಿ.ಎ.ಯನ್ನು ಗಿರಿಜಾ ಈ ವರ್ಷ ಮತ್ತೆ ಹಿಡಿದಿದ್ದಳು. ಪರೀಕ್ಷಾ ಕೇಂದ್ರ ನರಗುಂದ. ಮೊದಲ ದಿನ ಬಸ್ಸಿಗೆ ಹೋಗುತ್ತೇನೆಂದವಳನ್ನು ಒತ್ತಾಯ ಮಾಡಿ ಕಾರಿನಲ್ಲಿ ಕೂರಿಸಿಕೊಂಡೆ. ರೋಣದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಎಂಜಿನ್ನು ಆರಿಸಿದೆ, ಡಬ್ಬಿಯ ಸ್ವಿಚ್ಚು ಆರಿಸಲು ಮರೆತೆ. ಹೋಟೆಲಿನಲ್ಲಿ ಪರಿಚಯದವರೊಬ್ಬರಿಗೆ ನನ್ನ ಸಾಧನೆ ವಿವರಿಸಿ ಹೊರಬರುವಷ್ಟರಲ್ಲಿ ಹಳೆಯ ಬ್ಯಾಟರಿ ಖಾಲಿ. ಚಾವಿ ತಿರುಗಿಸಿದರೆ ಕಟಕಟ ಸದ್ದು ಬಿಟ್ಟು ಬೇರೇನಿಲ್ಲ.

ಬಾನೆಟ್ ಎತ್ತಿ ನಿಂತ ನನ್ನನ್ನು ಗಿರಿಜಾ ಒಂದು ಗಳಿಗೆ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಹಾಲ್ ಟಿಕೆಟ್ಟನ್ನು ಚೀಲಕ್ಕೆ ತುರುಕಿದಳು.

"ನೀವು ಗಾಡಿ ನೋಡ್ಕೋರಿ. ನಾ ಹೊಂಟೆ," ಎಂದವಳೇ ನಿಲ್ದಾಣದತ್ತ ಓಡಿದಳು. ನರಗುಂದದ ಬಸ್ಸು ಆಗಲೇ ಹೊರಟಿತ್ತು. ಅವಳು ಕೈ ಅಡ್ಡ ಮಾಡಿದಳು, ಡ್ರೈವರ್ ನಿಲ್ಲಿಸಿದ. ಬಸ್ಸು ಮರೆಯಾದ ಮೇಲೆ ನಾನು ಮೆಕ್ಯಾನಿಕ್‌ಗೆ ಹೇಳಿಕಳಿಸಿದೆ.

ಆಮೇಲೆ ಬಂದ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿಯೇ. ಡಬ್ಬಿಯನ್ನು ಅತ್ತಿತ್ತ ನೋಡಿ ತಲೆ ಕೆರೆದುಕೊಂಡ. "ಸರ್, ಶಕ್ತಿ ಹೊಸದಾಗಿ ಹುಟ್ಟಂಗಿಲ್ಲ ಅಂತ ನೀವ ಹೇಳಿದ್ರಲ್ರಿ ನಮಗ," ಎಂದ, ಬಹಳ ಮರ್ಯಾದೆಯಿಂದ. ಆ ಮರ್ಯಾದೆಯೇ ಜಾಸ್ತಿ ಚುಚ್ಚಿತು.

ಪರೀಕ್ಷೆ ಶುರುವಾಗಿ ಹತ್ತು ನಿಮಿಷಕ್ಕೆ ಒಳಗೆ ಹೋದೆನೆಂದೂ, ಪೇಪರ್ ಪೂರ್ತಿ ಬರೆದೆನೆಂದೂ ಸಂಜೆ ಅವಳು ಹೇಳಿದಳು.

ಮುಂದಿನ ಪರೀಕ್ಷೆಗೆ ಇಬ್ಬರೂ ಬಸ್ಸಿನಲ್ಲಿ ಹೊರಟೆವು. ಅವಳು ಕಿಟಕಿಯ ಪಕ್ಕ ಕೂತು ನೋಟ್ಸ್ ತೆರೆದಳು. ಡಬ್ಬಿಗೆ ಎಷ್ಟು ಆಂಪಿಯರ್ ಹರಿಯುತ್ತದೆ ಎಂದು ನಿದ್ದೆಯಲ್ಲೂ ಹೇಳುತ್ತಿದ್ದ ನನಗೆ, ಹೆಂಡತಿ ಇಂದು ಯಾವ ವಿಷಯ ಬರೆಯುತ್ತಾಳೆಂದು ಗೊತ್ತಿರಲಿಲ್ಲ. ನಾಚಿಕೆ ಬಿಟ್ಟು ಕೇಳಿದೆ.

"ಅರ್ಥಶಾಸ್ತ್ರ," ಎಂದಳು, ತಲೆ ಎತ್ತದೆ. "ಸುಮ್ಮ ಕುಂದರ್ರಿ, ಓದಾಕತ್ತೀನಿ."

ನರಗುಂದದವರೆಗೂ ಸುಮ್ಮನೆ ಕೂತೆ. ಅಷ್ಟು ದೀರ್ಘವಾದ ಪ್ರಯೋಗವನ್ನು ನಾನು ಹಿಂದೆಂದೂ ಯಶಸ್ವಿಯಾಗಿ ಮುಗಿಸಿರಲಿಲ್ಲ.