ಕಂಪನಿ ಎಂದರೆ ಪಾವು

ಪದಗಳ ಹುಟ್ಟು ಹುಡುಕುವ ಚಟ ಇಸ್ಪೀಟಿಗಿಂತ ಕೆಟ್ಟದ್ದು. ಇಸ್ಪೀಟಿಗೆ ಮೂರ್ನಾಲ್ಕು ಜನವಾದರೂ ಬೇಕು. ಇದನ್ನು ಒಬ್ಬನೇ ಕೂತು ಎಷ್ಟು ಹೊತ್ತಾದರೂ ಆಡಬಹುದು. ನಾನು ಕುಮಟೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹೊನ್ನಾವರದಲ್ಲಿ ಬಾಡಿಗೆ ಮನೆ, ವಯಸ್ಸು ನಲವತ್ತೆಂಟು, ಮದುವೆಯಾಗಿಲ್ಲ. ಮಧ್ಯಾಹ್ನ ನನ್ನೆದುರು ಕೂತು ಡಬ್ಬಿ ಬಿಚ್ಚುತ್ತಿದ್ದ ಭೌತಶಾಸ್ತ್ರದ ಗೆಳೆಯನಿಗೆ ವರ್ಗವಾದ ಮೇಲೆ ನನ್ನ ಪಾಲಿಗೆ ನಿಘಂಟು ಮಾತ್ರ ಉಳಿಯಿತು. ನಿಘಂಟು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ, ನಿಜ. ಆದರೆ ಊಟ ಆಯಿತಾ ಎಂದು ತಾನಾಗಿ ಕೇಳುವುದಿಲ್ಲ.

ಒಂದು ದಿನ ಪಾಠದಲ್ಲಿ ‘ಕಂಪನಿ’ ಎಂಬ ಪದ ಬಂತು. ನಮ್ಮಲ್ಲಿ ಅದು ಮಾಡದ ಕೆಲಸವಿಲ್ಲ. ಒಂದು ಕಾಲಕ್ಕೆ ಸರ್ಕಾರವಾಗಿತ್ತು, ಆಮೇಲೆ ನಾಟಕವಾಯಿತು. ಈಗ ಅಂಗಡಿಯವನು ‘ಕಂಪನಿ ಮಾಲು’ ಎಂದರೆ ನಂಬಬೇಕು. ಸಂಜೆ ಯಾರಾದರೂ ‘ಕಂಪನಿ ಕೊಡಿ’ ಎಂದರೆ ಏನು ಕುಡಿಯಬೇಕಾದೀತೋ ಎಂದು ಅನುಮಾನಿಸಬೇಕು. ನಾನು ಹುರುಪಿನಿಂದ ಮೂಲ ಹೇಳಿದೆ. ಲ್ಯಾಟಿನ್ನಿನಲ್ಲಿ ‘ಕೊಮ್’ ಎಂದರೆ ಜೊತೆ, ‘ಪಾನಿಸ್’ ಎಂದರೆ ರೊಟ್ಟಿ. ಒಟ್ಟಿಗೆ ಕೂತು ರೊಟ್ಟಿ ತಿನ್ನುವವರೇ ಕಂಪನಿ. ಪೋರ್ಚುಗೀಸರ ಜೊತೆ ಬಂದ, ನಮ್ಮ ಕರಾವಳಿಯವರು ಚಾಕ್ಕೆ ಅದ್ದಿ ತಿನ್ನುವ ಪಾವು ಬ್ರೆಡ್ಡೂ ಆ ಪಾನಿಸ್ಸಿನ ಮೊಮ್ಮಗನೇ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಯಾವ ಕುಹಕವೂ ಇಲ್ಲದೆ, “ನಿಮ್ ಕಂಪನಿ ಯಾರು ಸರ್?” ಎಂದಳು. ಅದು ಸಿಲಬಸ್ಸಿನಲ್ಲಿಲ್ಲ ಎಂದು ನಗಿಸಿ ಪಾರಾದೆ.

ಮನೆಗೆ ಬಂದ ಮೇಲೆ ಪಾರಾಗಲು ಆಗಲಿಲ್ಲ. ಭಾನುವಾರ ಸಂಜೆ ಪಾವಿನವನು ಸೈಕಲ್ ಹಾರ್ನ್ ಒತ್ತುತ್ತ ಬಂದಾಗ, ಯಾವಾಗಲೂ ಎರಡು ಕೊಳ್ಳುವವನು ಹನ್ನೆರಡು ಕೊಂಡೆ. ಕೊಂಡ ಮೇಲೆ ಯೋಚನೆಗಿಟ್ಟುಕೊಂಡಿತು: ಹಂಚಿಕೊಳ್ಳಲು ಇದ್ದದ್ದು ಪಕ್ಕದ ಮನೆ ಒಂದೇ. ಅಲ್ಲಿ ಗಂಡ ಬೋಟಿಗೆ ಹೋಗುತ್ತಾರೆ, ಹೆಂಡತಿ ಮೀನು ಮಾರುತ್ತಾರೆ. ನಾನು ಬಂದ ಹೊಸತರಲ್ಲಿ, ಅವರು ಅಂಗಳದಲ್ಲಿ ಒಣಗಿಸುವ ಮೀನಿನ ವಾಸನೆಯ ಬಗ್ಗೆ ಅವರಿಗೊಂದು ಮಾತೂ ಹೇಳದೆ ಮನೆಯ ಮಾಲೀಕರಿಗೆ ದೂರು ಕೊಟ್ಟಿದ್ದೆ. ಅಂದಿನಿಂದ ಮೂರು ವರ್ಷ ನಮ್ಮ ನಡುವೆ ಇದ್ದದ್ದು ಸೊಂಟದೆತ್ತರದ ಗೋಡೆ ಮತ್ತು ಅದಕ್ಕಿಂತ ಎತ್ತರದ ಮೌನ.

ಪೊಟ್ಟಣ ಹಿಡಿದು ಅವರ ಅಂಗಳಕ್ಕೆ ಕಾಲಿಟ್ಟೆ. ನನ್ನನ್ನು ಕಂಡದ್ದೇ ಆಕೆ ಚಾಪೆಯ ಮೇಲಿದ್ದ ಮೀನನ್ನು ಬುಟ್ಟಿಗೆ ತುಂಬತೊಡಗಿದರು. “ಇವತ್ತೊಂದಿನ ಬಿಸಿಲು ಬಂತು ಅಂತ ಹಾಕಿದ್ದು ಸರ್. ತೆಗೆದಾತು,” ಎಂದರು. ನಾಚಿಕೆಯಾಗಿ ಪೊಟ್ಟಣವನ್ನು ಮುಂದೆ ಚಾಚಿದೆ. “ದೂರು ಹೇಳಲು ಬಂದದ್ದಲ್ಲ. ಒಬ್ಬನೇ ತಿಂದು ಸಾಕಾಗಿದೆ,” ಎಂದುಬಿಟ್ಟೆ.

ಆಕೆ ಪೊಟ್ಟಣ ನೋಡಿದರು, ನನ್ನ ಮುಖ ನೋಡಿದರು, ಕೈ ತೊಳೆದು ಚಾ ಇಟ್ಟರು. ಗಂಡ ಒಳಗಿನಿಂದ ಕುರ್ಚಿ ತಂದು ಟವೆಲ್ಲಿನಿಂದ ಒರೆಸಿ ನನಗೆ ಕೊಟ್ಟು, ತಾವು ಮೆಟ್ಟಿಲ ಮೇಲೆ ಕೂತರು. ಪಾವನ್ನು ಚಾದಲ್ಲಿ ಅದ್ದಿ ತಿನ್ನುತ್ತ, ಬಂದ ಕಾರಣ ಹೇಳಲು ಹೋಗಿ ಲ್ಯಾಟಿನ್ನಿನಿಂದ ಪೋರ್ಚುಗಲ್ಲಿನವರೆಗೆ ಪಾಠ ಮಾಡಿದೆ. ಗಂಡ ನನ್ನ ವಿದ್ಯಾರ್ಥಿಗಳಿಗಿಂತ ತಾಳ್ಮೆಯಿಂದ ಕೇಳಿ, ಬೋಟಿನಲ್ಲಿ ಒಬ್ಬನೇ ಉಣ್ಣುವ ಪದ್ಧತಿಯೇ ಇಲ್ಲ, ಎಲ್ಲರೂ ಒಂದೇ ಪಾತ್ರೆಯ ಸುತ್ತ ಕೂರುವುದು ಎಂದರು. ಆಕೆ ಲೋಟ ತುಂಬುತ್ತ, “ಇದಕ್ಕೆ ಅಷ್ಟು ದೂರದ ಭಾಷೆ ಎಂತಕ್ಕೆ ಸರ್? ಗೋಡೆ ಹತ್ರ ನಿಂತು ಕರೆದಿದ್ರೆ ಆಗ್ತಿತ್ತು,” ಎಂದರು.

ಹೊರಡುವಾಗ, ಮೂರು ವರ್ಷ ತಡವಾಗಿ, ಅವರ ಹೆಸರು ಕೇಳಿದೆ. ಗಂಡ ಮಾದೇವ, ಹೆಂಡತಿ ಗಂಗೆ. ನನ್ನ ಹೆಸರು ಹೇಳಲು ಬಾಯಿ ತೆರೆದರೆ, ಅದು ಗೊತ್ತು ಎಂದು ಗಂಗೆ ತಡೆದರು. ನಾನು ಕಾಲೇಜಿಗೆ ಹೋದಾಗ ಅಂಚೆಯವನು ನನ್ನ ಕಾಗದಗಳನ್ನು ಅವರ ಕೈಗೇ ಕೊಟ್ಟು ಹೋಗುತ್ತಾನಂತೆ. ಮಾದೇವ ಹೆಸರು ಓದಿ ಹೇಳಿದರೆ, ಅವು ಒದ್ದೆಯಾಗದ ಹಾಗೆ ನನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಬರುವುದು ಗಂಗೆ.

ಅದೇ ಕೆಲಸಕ್ಕಾಗಿ ಕಳೆದ ದೀಪಾವಳಿಗೆ ಅಂಚೆಯವನನ್ನು ಹೊಗಳಿ, ಒಂದು ಡಬ್ಬಿ ಸಿಹಿ ಕೊಟ್ಟಿದ್ದೆ. ಅವನೂ ಮರುಮಾತಾಡದೆ ತೆಗೆದುಕೊಂಡು ಹೋಗಿದ್ದ.