ಕೆಂಪು ದೀಪದಲ್ಲಿ ಕಂಡ ಕಪ್ಪು

ಮನುಷ್ಯ ಕೆಲಸ ಬದಲಿಸಬಹುದು, ಕೆಲಸ ಅಂಟಿಸಿದ ಚಾಳಿ ಬಿಡುವುದು ಕಷ್ಟ. ಇದು ನನಗೆ ತಲೆಯ ಮೂಲಕವೇ ಅರ್ಥವಾಯಿತು; ತಲೆಯ ಒಳಭಾಗಕ್ಕೆ ಅದರಲ್ಲಿ ಹೆಚ್ಚಿನ ಪಾತ್ರವಿರಲಿಲ್ಲ. ನಂಜನಗೂಡಿನಲ್ಲಿ ನಾನಿದ್ದ ಸಣ್ಣ ಕಂಪನಿ ಕಪ್ಪು-ಬಿಳುಪು ಫೋಟೋಗೆ ಬೇಕಾದ ಫಿಲ್ಮು, ಕಾಗದ ತಯಾರಿಸುತ್ತಿತ್ತು. ಎಂಬತ್ತರ ದಶಕ ಕಾಲಿಡುತ್ತಿದ್ದಂತೆ ಸ್ಟುಡಿಯೋದವರೆಲ್ಲ ಕಲರ್ ಕೇಳತೊಡಗಿದರು. ನಮ್ಮ ಮಾಲು ಗೋಡೌನಿನಲ್ಲೇ ಕೂತಿತು. ಮಾಲೀಕರು ಕೆಲವು ದಿನ ಊಟ ಸೇರದೆ ಓಡಾಡಿ, ಕೊನೆಗೆ ನಮ್ಮನ್ನೆಲ್ಲ ಕರೆದು, "ಕಪ್ಪು ಮಾಡೋದೇ ನಮ್ಮ ಕಸುಬು ಕಣ್ರಯ್ಯ. ಕಾಗದದ ಮೇಲೆ ಬೇಡ ಅಂದ್ರೆ ಜನರ ತಲೆ ಮೇಲೆ ಮಾಡೋಣ" ಅಂದರು. ಫೋಟೋ ತೊಳೆಯುವ ರಾಸಾಯನಿಕಗಳ ದಾಯಾದಿಗಳೇ ಕೂದಲ ಬಣ್ಣಕ್ಕೂ ಬೇಕಂತೆ. ಹೀಗೆ ನಾವು ಹೇರ್ ಡೈ ಕಂಪನಿಯಾದೆವು.

ಬೋರ್ಡು ಬದಲಾಯಿತು, ನಾವು ಬದಲಾಗಲಿಲ್ಲ. ಹೊರಗಿನ ಬೆಳಕು ಬಿದ್ದು ಫಿಲ್ಮು ಕೆಡದಿರಲೆಂದು ಕತ್ತಲೆ ಕೋಣೆಯ ಬಾಗಿಲಲ್ಲಿ ಕೆಮ್ಮುವುದು, ಒಳಗಿದ್ದವರು ತಿರುಗಿ ಕೆಮ್ಮಿದ ಮೇಲೆಯೇ ಕಾಲಿಡುವುದು ಹಿಂದಿನಂತೆಯೇ ನಡೆಯಿತು. ಡೈ ಎಷ್ಟು ಕಪ್ಪಾಗಿದೆಯೆಂದು ನೋಡುವುದೂ ಫೋಟೋ ಕಾಗದ ಕೆಡದಂತೆ ಅಲ್ಲಿ ಹಾಕಿದ್ದ ಕೆಂಪು ದೀಪದಡಿಯಲ್ಲೇ. ಹೊರಗೆ ಧಾರಾಳ ಬಿಸಿಲಿದೆಯೆಂದು ಒಬ್ಬರಿಗೂ ಹೊಳೆಯಲಿಲ್ಲ.

ಆಗಲೇ ಹೆಣ್ಣು ನೋಡಲು ತಿ. ನರಸೀಪುರದಿಂದ ಕರೆ ಬಂತು. ನನ್ನ ಅರೆನರೆತ ತಲೆಗೆ ಇದೇ ಕೊನೆಯ ಅವಕಾಶವೆಂದು ಅಮ್ಮ ಹೇಳಿಬಿಟ್ಟಿದ್ದರು. ಅವರಿಗೆ ಮಂಡಿನೋವು, ಹೊರಟವನು ನಾನೊಬ್ಬನೇ. ಕಂಪನಿಯಲ್ಲೇ ನಮ್ಮ ಮಾಲು ಹಚ್ಚಿ, ತೊಳೆದು, ಕೆಂಪು ದೀಪದಡಿ ಕನ್ನಡಿ ನೋಡಿದೆ. ಕಾಡಿಗೆಯಂಥ ಕಪ್ಪು. ಅಲ್ಲಿಂದಲೇ ಹತ್ತಿದ ಬಸ್ಸಿನಲ್ಲಿ ಜನ ನನ್ನನ್ನೇ ದಿಟ್ಟಿಸಿದಾಗ ರೂಪಕ್ಕೆ ಸಂದ ಗೌರವವೆಂದುಕೊಂಡೆ.

ಹುಡುಗಿಯ ತಂದೆ ಮೇಷ್ಟರು. ಜಗಲಿಯ ಬಿಸಿಲಿನಲ್ಲಿ ನನ್ನನ್ನು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಗೋಡೆಯ ಕನ್ನಡಿಯಲ್ಲಿ ನಾನೂ ನೋಡಿದೆ. ತಲೆ ದೊಡ್ಡಪತ್ರೆ ಸೊಪ್ಪಿನಷ್ಟು ಹಸಿರಾಗಿತ್ತು. ಕೆಂಪು ಬೆಳಕಿನಲ್ಲಿ ಹಸಿರೂ ಕಪ್ಪಾಗಿಯೇ ಕಾಣುತ್ತದೆಂದು ಆಗ ಹೊಳೆಯಿತು. ಫಿಲ್ಮು, ಡೈ, ಕೆಂಪು ದೀಪ ಎಲ್ಲವನ್ನೂ ಹೇಳಿಬಿಟ್ಟೆ. ಮೇಷ್ಟರು ಕೆಮ್ಮಿದರು. ಚಾಳಿಯಂತೆ ನಾನೂ ತಿರುಗಿ ಕೆಮ್ಮಿದೆ.

ಒಳಗಿಂದಲೇ ಎಲ್ಲ ಕೇಳಿಸಿಕೊಂಡು ಕಾಫಿ ತಂದ ಹುಡುಗಿ ಲೋಟ ಕೆಳಗಿಟ್ಟು, "ನಿಮ್ಮ ಕಂಪನಿ ನಿನ್ನೆ ಫಿಲ್ಮು, ಇವತ್ತು ಡೈ. ನೀವೂ ಹೀಗೇ ಬದಲಾಗ್ತಾ ಇರ್ತೀರಾ?" ಎಂದು ಕೇಳಿದಳು.

"ಇಲ್ಲಾರೀ, ನಾನು ಯಾವಾಗ್ಲೂ ಇಷ್ಟೇ" ಅಂದೆ. ಅವಳು ನಕ್ಕಳು. ಮುಂದಿನ ಲಗ್ನದಲ್ಲಿ ಮದುವೆಯೂ ಆಯಿತು.

ಆಮೇಲೆ ಕಂಪನಿ ಡೈ ಬಿಟ್ಟು ಫಿನಾಯಿಲಿಗೆ ಹೋಯಿತು, ಈಗ ಗೋಂದು ಮಾಡುತ್ತಿದೆ. ನಾನು ಮಾತ್ರ ಒದ್ದೆ ಟವಲನ್ನು ಇಂದಿಗೂ ಮಂಚದ ಮೇಲೇ ಎಸೆಯುತ್ತೇನೆ, ಅಡಿಗೆಮನೆಗೆ ಹೋಗುವಾಗ ಕೆಮ್ಮುತ್ತೇನೆ. ನಿನ್ನೆ ನನ್ನವಳು ಟವಲು ಎತ್ತುತ್ತ, "ಆ ಕಂಪನಿ ನೋಡಿಯಾದ್ರೂ ಸ್ವಲ್ಪ ಬದಲಾಗಬಾರದೇನ್ರೀ?" ಅಂದಳು. ಜಗಲಿಯಲ್ಲಿ ಕೊಟ್ಟ ಮಾತನ್ನು ನೆನಪಿಸಲು ನಾನು ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತ ಒಮ್ಮೆ ಕೆಮ್ಮಿದಳು. ಮಾತು ಅಲ್ಲೇ ಬಿಟ್ಟು, ಚಾಳಿಯಂತೆ ನಾನೂ ತಿರುಗಿ ಕೆಮ್ಮಿದೆ.