ರೇವಪ್ಪನ ನಾಲಿಗೆ, ರೇವಪ್ಪನ ಲಿವರ್

ಹಳದಿಯದ್ದು ಏನೇ ಕಂಡರೂ ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡುವುದು ಸಾಂಗಲಿ ಪೇಟೆಯ ಅರಿಸಿನ ವ್ಯಾಪಾರಿ ರೇವಪ್ಪನಿಗೆ ನಲವತ್ತು ವರ್ಷದ ಚಟ. ಹೆಂಡತಿಯ ತಂಗಿಯ ಮಗಳು ಪ್ರಣಾಲಿ ಕೇಳಿದಳೆಂದು ಆ ಬೆಳಿಗ್ಗೆ ಒಂದು ಕಿಲೋ ಅರಿಸಿನ ಹಿಡಿದು ವಿಶ್ರಾಮಬಾಗದ ಅವಳ ಫಾರ್ಮಸಿ ಕಾಲೇಜಿಗೆ ಹೋದ. ಪ್ರಯೋಗಾಲಯದ ಮೇಜಿನ ಮೇಲೆ ಎರಡು ಹಳದಿ ಬಾಟಲಿಗಳಿದ್ದವು. ಪ್ರಣಾಲಿ ತಿರುಗುವಷ್ಟರಲ್ಲಿ ನಾಲಿಗೆ ತನ್ನ ಕೆಲಸ ಮುಗಿಸಿತ್ತು.

“ಕಾಕಾ, ಯಾವ ಬಾಟ್ಲ್ಯಾಗ ಬೆರಳ ಹಾಕಿದ್ರಿ?”

“ಹಳದಿ ಬಾಟ್ಲ್ಯಾಗ.”

“ಎರಡೂ ಹಳದಿನ ಅದಾವ್ರಿ. ಒಂದು, ಇಲಿಗಳ ಲಿವರ್ ಕೆಡಸಾಕ ಇಟ್ಟ ವಿಷ. ಇನ್ನೊಂದು, ಆ ವಿಷದಿಂದ ಲಿವರ್ ಕಾಯೂ ಔಷಧ. ಅರಿಷಿಣದ ಸತ್ವಾನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಾ ಮಾಡೇನಿ. ನ್ಯಾನೋ ಅಂತಾರ. ಬಾಯಾಗ ಅರಿಷಿಣದ ರುಚಿ ಬಂತೇನ್ರಿ?”

“ನನ್ನ ಬಾಯಿಗೆ ನೀರೂ ಅರಿಷಿಣದಂಗ ಹತ್ತತೈತಿ, ತಂಗಿ.”

“ಇಲ್ಲೇ ಕುಂದ್ರಿ. ಗ್ವಾಡಿ ಮ್ಯಾಲ ಕ್ಯಾಮೆರಾ ಐತಿ, ಸರ್‌ನ ಕರಕೊಂಡ ಬಂದು ನೋಡತೇನಿ.”

ಅವಳು ಬರುವಷ್ಟರಲ್ಲಿ ರೇವಪ್ಪ ರಿಕ್ಷಾ ಹತ್ತಿ ಓಡಿದ್ದ. ಫೋನು ಬಂದ್ ಮಾಡಿ ಜೇಬಿಗಿಟ್ಟ. ಕೆಟ್ಟ ಸುದ್ದಿ ಬರಬಹುದಾದ ದಾರಿ ಅದೊಂದೇ ಎಂದು ಅವನ ಎಣಿಕೆ.

ಪೇಟೆ ಮುಟ್ಟಿದಾಗ ಪಕ್ಕದ ಬೆಲ್ಲದ ಅಂಗಡಿಯ ರಾವಸಾಬ ಕತೆ ಕೇಳಿ ಅವನ ಅಂಗೈ ಹಿಡಿದು ನೋಡಿದ.

“ಪೂರಾ ಹಳದಿ. ಕಾಮಾಲೆ ಉಗುರಿಗೆ ಇಳದೈತಿ.”

ಆ ಅಂಗೈ ನಲವತ್ತು ವರ್ಷದಿಂದ ಹಳದಿಯೇ ಇತ್ತೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ರಾವಸಾಬ ಸಲಗರೆ ಊರಿನಿಂದ ಕಾಮಾಲೆಗೆಂದು ಯಾವುದೋ ಎಲೆಯ ರಸ ತರಿಸಿದ. ಎದುರಂಗಡಿಯ ಗುರಲಿಂಗ ತನ್ನ ಅಜ್ಜನ ಕಾಲದ ಕರೀ ಭಸ್ಮ ತಂದ. ವಿಷ ಇಳಿಯಲೆಂದು ಹೆಂಡತಿ ಗಿರಿಜಾಬಾಯಿ ಹರಳೆಣ್ಣೆ ಕುಡಿಸಿದಳು. ಸಾವಿನ ಹೆದರಿಕೆಯಲ್ಲಿ ರೇವಪ್ಪ ಯಾವುದಕ್ಕೂ ಒಲ್ಲೆನೆನ್ನಲಿಲ್ಲ.

“ಗಿರಿಜಾ, ನಾ ಹೋದ ಮ್ಯಾಲ...”

“ಹೋಗೂದಿದ್ರ ಉಂಡು ಹೋಗ್ರಿ. ರೊಟ್ಟಿ ಆರತಾವ.”

ಸಂಜೆ ಪ್ರಣಾಲಿಯೇ ಓಡಿಬಂದಳು. “ಕಾಕಾ, ಕ್ಯಾಮೆರಾದಾಗ ಸ್ವಚ್ಛ ಕಾಣತೈತಿ. ನೀವು ನೆಕ್ಕಿದ್ದು ಔಷಧ.”

ರೇವಪ್ಪ ದಿನದಲ್ಲಿ ಮೊದಲ ಸಲ ಪೂರ್ತಿ ಉಸಿರು ಬಿಟ್ಟ. ಬಿಟ್ಟವನು ಹಾಗೇ ಹೊಟ್ಟೆ ಹಿಡಿದುಕೊಂಡು ಕುಸಿದ.

ಮಿರಜದ ದವಾಖಾನೆಯಲ್ಲಿ ರಕ್ತ ನೋಡಿದ ಡಾಕ್ಟರು, ರಸ ಮತ್ತು ಭಸ್ಮ ಸೇರಿ ಲಿವರಿಗೆ ಪೆಟ್ಟು ಕೊಟ್ಟಿವೆ, ಎಂಟು ದಿನ ಏಳುವಂತಿಲ್ಲ ಎಂದರು. ಮಂಚದ ಪಕ್ಕದಲ್ಲಿ ಪ್ರಣಾಲಿ ಪ್ರಯೋಗ ಬರೆದಿಡುವ ಹೊಸ ವಹಿ ತೆರೆದು ಕುಳಿತಳು. ಅವಳ ಮುಖದಲ್ಲಿ ದುಃಖಕ್ಕಿಂತ ಹುರುಪೇ ಹೆಚ್ಚಿತ್ತು.

“ಹೆದರಬ್ಯಾಡ್ರಿ ಕಾಕಾ. ನಮ್ಮ ಪ್ರಯೋಗದಾಗೂ ಹಿಂಗ. ಮೊದಲ ಔಷಧ, ಆಮ್ಯಾಲ ವಿಷ. ನೀವು ಕ್ರಮಾ ತಪ್ಪಿಲ್ಲ.”

ರೇವಪ್ಪನ ಜೀವಕ್ಕೆ ತುಸು ಆಸರೆ ಸಿಕ್ಕಿತು. “ಹಂಗಾರ ಹೇಳವ್ವಾ, ಇಲ್ಲೀತನಕ ಎಷ್ಟು ಇಲಿ ಬದುಕಿ ಉಳದಾವ?”

ಪ್ರಣಾಲಿ ವಹಿಯ ಮೊದಲನೇ ಪುಟದಲ್ಲಿ ಅವನ ಹೆಸರು ಬರೆಯುತ್ತಾ ಅಂದಳು:

“ಇಲಿ ಮುಂದಿನ ವಾರ ಬರತಾವ್ರಿ.”